ತುತ್ತವೆಲ್ಲ ಮೈಲುತುತ್ತವಲ್ಲ: ‘ಟೂಟನಾಗ್’ ಪದದ ಪೂರ್ವಾರ್ಧ ಕುರಿತು

ಪೂರ್ವದೇಶಗಳಿಂದ ಬರುತ್ತಿದ್ದ ಸತುವಿಗೆ ಹದಿನೇಳು, ಹದಿನೆಂಟನೆಯ ಶತಮಾನಗಳ ಇಂಗ್ಲಿಷ್ ವರ್ತಕರು ‘ಟೂಟನಾಗ್’ ಎನ್ನುತ್ತಿದ್ದರು. ಪದ ಪೋರ್ಚುಗೀಸರ ಬಾಯಿಂದ ಬಂದದ್ದು. 1745ರಲ್ಲಿ ಕ್ಯಾಂಟನ್‌ನಿಂದ ಹೊರಟು ತವರು ಬಂದರಿನ ಬಾಗಿಲಲ್ಲೇ ಮುಳುಗಿದ ಸ್ವೀಡನ್ನಿನ ‘ಗೋಥೆಬೋರ್ಗ್’ ಹಡಗಿನಲ್ಲಿದ್ದ ಟೂಟನಾಗನ್ನು ಆಮೇಲೆ ಮೇಲೆತ್ತಿ ಪರೀಕ್ಷಿಸಿದಾಗ ಅದು ಶೇ. 98ಕ್ಕಿಂತ ಹೆಚ್ಚು ಶುದ್ಧವಾದ ಸತುವೆಂದು ತಿಳಿಯಿತು. ಅದೇ ಹೆಸರನ್ನು ನಿಕ್ಕಲ್ ಬೆರೆತ ಚೀನೀ ಬಿಳಿತಾಮ್ರಕ್ಕೂ ಹಚ್ಚಿದ್ದರಿಂದ ಗೊಂದಲ ಹುಟ್ಟಿತು. ಎರಡು ಬಳಕೆಗಳನ್ನೂ ಯೂಲ್ ಮತ್ತು ಬರ್ನೆಲ್ 1886ರ ‘ಹಾಬ್ಸನ್-ಜಾಬ್ಸನ್’ ನಿಘಂಟಿನಲ್ಲೇ ಬೇರ್ಪಡಿಸಿದ್ದಾರೆ. ಅದನ್ನು ಓದದೆ ಈಗಲೂ ಎರಡನ್ನೂ ಕಲಸುವವರಿಗೆ ಇಲ್ಲಿ ಜಾಗ ಕೊಡುವುದಿಲ್ಲ.

ನನ್ನ ತಕರಾರು ವ್ಯುತ್ಪತ್ತಿಯದು. ಇಂಗ್ಲಿಷ್ ನಿಘಂಟುಗಳು ಪದವನ್ನು ತುತ್ಥ, ನಾಗ ಎಂದು ಒಡೆದು, ಮೊದಲನೆಯದಕ್ಕೆ ಮೈಲುತುತ್ತ, ಎರಡನೆಯದಕ್ಕೆ ತವರ ಅಥವಾ ಸೀಸ ಎಂಬ ಅರ್ಥ ಕೊಡುತ್ತವೆ. ಕೆಲವು ‘ಬಹುಶಃ’ ಎಂಬ ಮಾತನ್ನಾದರೂ ಸೇರಿಸುತ್ತವೆ. ಕೆಲವಕ್ಕೆ ಆ ಸಂಕೋಚವೂ ಇಲ್ಲ. ಮೈಲುತುತ್ತ ತಾಮ್ರದ ಲವಣ. ತಾಮ್ರದ ಲವಣಕ್ಕೆ ಸೀಸ ಕೂಡಿಸಿದರೆ ಸತು ಹೇಗಾದೀತು?

ಮೈಲುತುತ್ತ ತಾಮ್ರದ್ದೆಂಬುದು ತೋಟದಲ್ಲೇ ಕಾಣುತ್ತದೆ. ಮಲೆನಾಡಿನ ಹೆತ್ತೂರಿನ ಕಡೆ ಮಳೆ ಹಿಡಿಯುವ ಮುಂಚೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಕದಡಿ ಬೆಳೆರೋಗದ ಮದ್ದಾದ ಬೋರ್ಡೋ ದ್ರಾವಣ ಮಾಡುತ್ತಾರೆ. ಮದ್ದಿಗೆ ಕತ್ತಿ ಅದ್ದಿ ತೆಗೆದಾಗ ಅಲಗಿನ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು ಎಂದು ಅರ್ಥ. ಆ ಕೆಂಪೇ ತಾಮ್ರ. ಕಾಫಿ ಎಲೆಗೆ ಹೊಡೆಯುವ ಜಿಂಕ್ ಸಲ್ಫೇಟಿನ ಬಿಳಿ ಹರಳು ಬೇರೆ ಚೀಲದಲ್ಲಿರುತ್ತದೆ. ಅದನ್ನು ಯಾರೂ ಮೈಲುತುತ್ತ ಎನ್ನುವುದಿಲ್ಲ. ಅಡಿಕೆಯ ಕೊಳೆರೋಗಕ್ಕೆ ಮೈಸೂರು ಸರ್ಕಾರದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಬೋರ್ಡೋ ಹೇಳಿಕೊಟ್ಟ ಮೇಲೆ ಮಲೆನಾಡಿನ ಕಿವಿಗೆ ತುತ್ತ ಎಂದರೆ ನೀಲಿಯೇ. ಆ ಕಿವಿಯಿಂದ ಹಳೆಯ ಪದವನ್ನು ಕೇಳಬಾರದು.

ತುತ್ತ (ಸಂಸ್ಕೃತದ ತುತ್ಥ) ಎಂದರೇ ತಾಮ್ರದ ನೀಲಿ ಹರಳಾಗಿದ್ದರೆ ಅದಕ್ಕೆ ‘ಮೈಲು’ ಅಂಟಿಸುವ ಅಗತ್ಯವೇನಿತ್ತು? ನವಿಲಿನ ಬಣ್ಣದ್ದು ಎಂದು ಬಿಡಿಸಿ ಹೇಳಬೇಕಾಗಿ ಬಂದದ್ದು ಬೇರೆ ಬಣ್ಣದ ತುತ್ತವೂ ಇದ್ದುದರಿಂದ. ತಮಿಳು ಸಿದ್ಧವೈದ್ಯರಲ್ಲಿ ಅದು ಇಂದಿಗೂ ಇದೆ: ಮಯಿಲ್ ತುತ್ತಂ ತಾಮ್ರದ್ದು, ಪಾಲ್ ತುತ್ತಂ ಸತುವಿನದು. ಅಮರಕೋಶದಲ್ಲಿ ತುತ್ಥಕ್ಕಿರುವ ನವಿಲಿನ ಹೆಸರುಗಳಾದ ಶಿಖಿಗ್ರೀವ, ಮಯೂರಕಗಳ ಬೆನ್ನಿಗೇ ‘ಕರ್ಪರೀ’ ಬರುತ್ತದೆ. (ಅದನ್ನು ಸತುವಿನ ಅದಿರೆಂದೇ ನಾನು ಹಠ ಹಿಡಿಯುವುದಿಲ್ಲ, ಅಲ್ಲಿ ದಾರುಹರಿದ್ರೆಯ ಕಷಾಯದ ಮಾತೂ ಇದೆ. ಆದರೆ ತುತ್ಥಕ್ಕೆ ಒಂದೇ ಅರ್ಥ ಎನ್ನುವವರಿಗೆ ಅಷ್ಟೇ ಸಾಕಷ್ಟು ತೊಡಕು.)

ಹೆಚ್ಚು ತೂಕದ ಸಾಕ್ಷಿ ಪರ್ಷಿಯದ್ದು. ಕೋಬಿನಾನ್ ಊರಿನಲ್ಲಿ ಒಂದು ಬಗೆಯ ಮಣ್ಣನ್ನು ಕುಲುಮೆಗೆ ಹಾಕಿ, ಮೇಲಿನ ಕಬ್ಬಿಣದ ಸರಳುಗಳಿಗೆ ಹತ್ತುವ ಹೊಗೆಯಿಂದ ಕಣ್ಣಿನ ಮದ್ದು ‘ತೂತಿಯಾ’ ತೆಗೆಯುತ್ತಿದ್ದುದನ್ನು ಮಾರ್ಕೋ ಪೋಲೋ ವಿವರಿಸುತ್ತಾನೆ. ಅದು ಸತುವಿನ ಆಕ್ಸೈಡ್. ಇಂಗ್ಲಿಷಿನ ‘ಟಟಿ’ಯೂ ಅದೇ. ತೂತಿಯಾ ತುತ್ಥದಿಂದ ಬಂತೋ, ಅಥವಾ ತಾನೇ ಬೇರೆ ಮೂಲದ್ದೋ ಎಂಬ ಜಗಳ ನನ್ನ ವಾದವನ್ನು ಮುಟ್ಟುವುದಿಲ್ಲ. ವರ್ತಕರ ನಡುವೆ ಆ ಸದ್ದಿಗೆ ಸತುವಿನ ಅರ್ಥ ಇದ್ದೇ ಇತ್ತು ಎಂಬುದಷ್ಟೇ ನನಗೆ ಬೇಕಾದದ್ದು.

ಉತ್ತರಾರ್ಧದ ಬಗ್ಗೆ ನನಗೆ ಜಗಳವಿಲ್ಲ. ಸಂಸ್ಕೃತದ ರಸಶಾಸ್ತ್ರ ಗ್ರಂಥ ‘ರಸರತ್ನಸಮುಚ್ಚಯ’ ಬದನೆಕಾಯಿ ಆಕಾರದ ಮೂಷೆಯಲ್ಲಿ ಸತುವಿನ ಅದಿರಾದ ರಸಕದಿಂದ ಇಳಿಸಿದ ಸತ್ವವನ್ನು ವಂಗದಂತಿದೆ, ಅಂದರೆ ತವರದಂತಿದೆ ಎನ್ನುತ್ತದೆ. ಹೊಸ ಲೋಹವನ್ನು ಗೊತ್ತಿದ್ದ ಲೋಹಕ್ಕೆ ಹೋಲಿಸುವುದು ಹೀಗೆ ನಡೆದಿರುವಾಗ, ತುತ್ಥದಿಂದ ಬಂದ ಸೀಸದಂಥದ್ದು ತುತ್ಥನಾಗವಾಗಿರಬೇಕೆಂಬುದು ನನ್ನ ಊಹೆ. (ನಮ್ಮ ‘ಸತು’ ಈ ‘ಸತ್ವ’ದಿಂದಲೇ ಬಂದಿರಬಹುದು; ಅದಕ್ಕೆ ಬೇರೆ ಲೇಖನವೇ ಬೇಕು.)

ಆದ್ದರಿಂದ ಈ ಪದದ ವ್ಯುತ್ಪತ್ತಿಯಲ್ಲಿ ಮೈಲುತುತ್ತ ನಿಲ್ಲುವುದಿಲ್ಲ. ನಿಘಂಟುಕಾರರು ಅದನ್ನು ತೆಗೆದು, ‘ಸತುವಿನ ಅದಿರು ಅಥವಾ ಅದರ ಭಸ್ಮ’ ಎಂಬ ಅರ್ಥ ಕೊಡಬೇಕು. ‘ಬಹುಶಃ’ ಇರಲಿ, ಅದಕ್ಕೆ ನನ್ನ ಆಕ್ಷೇಪವಿಲ್ಲ.