ಸನದಿನ ಆಚೆಗಿನ ಕಲಿಕೆ: ಬಾಗ್ದಾದಿನ ವೈದ್ಯರ ಪರೀಕ್ಷೆ ಹೇಳುವ ಪಾಠ

ಹಿಜರಿ 319, ಅಂದರೆ ಕ್ರಿ.ಶ. 931. ಅಬ್ಬಾಸೀ ಖಿಲಾಫತ್ತಿನ ರಾಜಧಾನಿಯಾದ ಬಾಗ್ದಾದಿನಲ್ಲಿ ವೈದ್ಯನೊಬ್ಬನ ತಪ್ಪು ಚಿಕಿತ್ಸೆಯಿಂದ ರೋಗಿಯೊಬ್ಬ ಮೃತಪಟ್ಟ ಸುದ್ದಿ ಖಲೀಫ ಅಲ್ ಮುಕ್ತದಿರ್ ಅವರನ್ನು ತಲಪಿತು. ಸತ್ತವನು ಅರಮನೆಯವನಲ್ಲ, ಊರಿನ ಒಬ್ಬ ಸಾಮಾನ್ಯ ಮನುಷ್ಯ. ಆದರೂ ಖಲೀಫರು ಸುಮ್ಮನಿರಲಿಲ್ಲ. ಪರೀಕ್ಷೆಗೆ ಒಳಪಟ್ಟು ಅನುಮತಿ ಪಡೆದವರ ಹೊರತು ಯಾರೂ ವೈದ್ಯವೃತ್ತಿ ನಡೆಸಕೂಡದೆಂದು ಮುಹ್ತಸಿಬ್, ಅಂದರೆ ಮಾರುಕಟ್ಟೆಯ ಮೇಲ್ವಿಚಾರಕರ ಮೂಲಕ ಆಜ್ಞೆ ಹೊರಡಿಸಿದರು. ಪರೀಕ್ಷೆಯ ಹೊಣೆಯನ್ನು ಸಿನಾನ್ ಬಿನ್ ಸಾಬಿತ್ ಎಂಬ ಹಿರಿಯ ವೈದ್ಯರಿಗೆ ಒಪ್ಪಿಸಲಾಯಿತು. ಈಗಾಗಲೇ ಖ್ಯಾತರಾಗಿದ್ದವರನ್ನೂ ಅರಮನೆಯ ವೈದ್ಯರನ್ನೂ ಬಿಟ್ಟು, ಪರೀಕ್ಷೆಗೆ ಬಂದವರ ಸಂಖ್ಯೆಯೇ 860ನ್ನು ಮೀರಿತ್ತು.

ಈ ಪ್ರಸಂಗವನ್ನು ನಾವು ಸಾಮಾನ್ಯವಾಗಿ ಹೆಮ್ಮೆಗಾಗಿ ಉಲ್ಲೇಖಿಸುತ್ತೇವೆ. ನಮ್ಮ ಪೂರ್ವಿಕರು ಸಾವಿರ ವರ್ಷಗಳ ಹಿಂದೆಯೇ ವೈದ್ಯರಿಗೆ ಪರೀಕ್ಷೆ ಇಟ್ಟಿದ್ದರೆಂದು ಹೇಳಿ ಅಲ್ಲಿಗೇ ನಿಲ್ಲಿಸುತ್ತೇವೆ. ಆದರೆ 13ನೇ ಶತಮಾನದ ಚರಿತ್ರಕಾರ ಇಬ್ನುಲ್ ಕಿಫ್ತೀ ಇದೇ ಪರೀಕ್ಷೆಯ ಕುರಿತು ದಾಖಲಿಸಿದ ಇನ್ನೊಂದು ಘಟನೆ ಹೆಮ್ಮೆಗಿಂತ ಹೆಚ್ಚಿನದನ್ನು ನಮ್ಮಿಂದ ಕೇಳುತ್ತದೆ.

ಅಂದು ಗಂಭೀರ ಮುಖಮುದ್ರೆಯ, ಒಳ್ಳೆಯ ಉಡುಪಿನ ವೃದ್ಧರೊಬ್ಬರು ಸಿನಾನರ ಮುಂದೆ ಬಂದು ಕುಳಿತರು. ಸಿನಾನರು ಅವರನ್ನು ಗೌರವದಿಂದ ಕಂಡು, ಅವರ ಗುರುಗಳ ಬಗ್ಗೆ ವಿಚಾರಿಸಿದರು. ವೃದ್ಧರು ತೋಳಿನೊಳಗಿಂದ ದೀನಾರುಗಳಿದ್ದ ಪೊಟ್ಟಣವೊಂದನ್ನು ತೆಗೆದು ಮುಂದಿಟ್ಟರು. ತಮಗೆ ಸರಿಯಾಗಿ ಓದುಬರಹ ಬಾರದು, ಏನನ್ನೂ ಓದಿಲ್ಲ, ಆದರೆ ಮನೆಮಂದಿಯ ಅನ್ನ ಇದರಿಂದಲೇ ನಡೆಯುತ್ತದೆ, ಅದನ್ನು ಕಿತ್ತುಕೊಳ್ಳಬೇಡಿರೆಂದು ಬೇಡಿಕೊಂಡರು. ಸಿನಾನರು ನಕ್ಕುಬಿಟ್ಟರು. ತಿಳಿಯದ ರೋಗಕ್ಕೆ ಕೈಹಾಕಕೂಡದು, ಸಣ್ಣಪುಟ್ಟ ಕಾಯಿಲೆಗಳಿಗಲ್ಲದೆ ರಕ್ತ ತೆಗೆಸುವುದಾಗಲಿ ಭೇದಿಯ ಔಷಧ ಕೊಡುವುದಾಗಲಿ ಮಾಡಕೂಡದು ಎಂಬ ಷರತ್ತಿನ ಮೇಲೆ ಅವರನ್ನು ಬಿಟ್ಟರು. ತಾವು ಜೀವಮಾನವಿಡೀ ನಡೆದ ಹಾದಿಯೂ ಅದೇ ಎಂದರು ವೃದ್ಧರು. ವಿನಿಗರ್ ಬೆರೆಸಿದ ಸಿಕಂಜಬೀನ್ ಮತ್ತು ಗುಲಾಬಿ ನೀರಿನ ಜುಲ್ಲಾಬ್ ಎಂಬ ಪಾನಕಗಳನ್ನು ಮೀರಿ ಅವರು ಯಾರಿಗೂ ಏನನ್ನೂ ಕೊಟ್ಟಿರಲಿಲ್ಲ. ಮರುದಿನ ಒಬ್ಬ ಯುವಕ ಬಂದ. ತನ್ನ ಗುರು ತಂದೆಯೇ, ನಿನ್ನೆ ಬಂದ ವೃದ್ಧರೇ ತನ್ನ ತಂದೆ ಎಂದ. ಅವರ ದಾರಿಯನ್ನು ದಾಟಬೇಡವೆಂದು ಹೇಳಿ ಸಿನಾನರು ಅವನನ್ನೂ ಕಳುಹಿಸಿದರು.

ಇಲ್ಲಿ ಎರಡು ಮುಖಗಳಿವೆ. ತನ್ನ ಅರಿವಿನ ಗಡಿಯನ್ನು ಬಲ್ಲ ವೃದ್ಧರು ಯಾರ ಜೀವಕ್ಕೂ ಎರವಾಗಲಿಲ್ಲ. ವೈದ್ಯವಿದ್ಯೆಯನ್ನು ಅರಿಯದೆ ಚಿಕಿತ್ಸೆಗೆ ಇಳಿದವನು ಅದರಿಂದಾಗುವ ಹಾನಿಗೆ ಹೊಣೆಗಾರನೆಂಬ ತಾತ್ಪರ್ಯದ ಹದೀಸ್ ಅಬೂದಾವೂದರ ಸಂಗ್ರಹದಲ್ಲಿದೆ. ಆ ಭಯ ಅವರಲ್ಲಿತ್ತೆಂದು ನಾವು ಭಾವಿಸಬಹುದು. ಆದರೆ ಅವರ ಮಗನೂ ಅದೇ ಎರಡು ಪಾನಕಗಳಲ್ಲಿ ನಿಂತುಬಿಟ್ಟನಲ್ಲ! ಅನುಮತಿ ದೊರೆಯಿತು, ಅರಿವು ಒಂದು ಹೆಜ್ಜೆಯೂ ಮುಂದೆ ಹೋಗಲಿಲ್ಲ.

ಅರಿವನ್ನು ಮುಂದೆ ಒಯ್ದವರನ್ನು ಕಾಣಬೇಕಾದರೆ ಅದೇ ಶತಮಾನದ ಕುರ್ತುಬಾಕ್ಕೆ, ಅಂದರೆ ಸ್ಪೇನಿನ ಕಾರ್ಡೋವಾಕ್ಕೆ ಹೋಗಬೇಕು. ಒಂದನೇ ಶತಮಾನದ ಗ್ರೀಕ್ ವೈದ್ಯ ಡಯಾಸ್ಕೋರಿಡಿಸನ ಔಷಧ ಗ್ರಂಥವನ್ನು ಇಸ್ತಿಫಾನ್ ಬಿನ್ ಬಸೀಲ್ ಬಾಗ್ದಾದಿನಲ್ಲಿ ಮೊದಲೇ ಅರಬಿಗೆ ತಂದಿದ್ದರು. ಹುನೈನ್ ಬಿನ್ ಇಸ್‌ಹಾಕ್ ಅದನ್ನು ತಿದ್ದಿದ್ದರು. ಅರಬಿ ಹೆಸರು ತಿಳಿಯದ ಮೂಲಿಕೆಗಳನ್ನು ಇಸ್ತಿಫಾನ್ ಊಹೆಯಿಂದ ಹೆಸರಿಸಲಿಲ್ಲ. ಅವನ್ನು ಬಲ್ಲವರನ್ನು ಅಲ್ಲಾಹನು ಮುಂದೆ ಕಳುಹಿಸಿಯಾನೆಂಬ ಭರವಸೆಯಿಂದ ಗ್ರೀಕ್ ಹೆಸರುಗಳನ್ನೇ ಉಳಿಸಿದರು. 948ರ ಸುಮಾರಿಗೆ ಬೈಝಂಟೈನ್ ಚಕ್ರವರ್ತಿಯು ಅದೇ ಗ್ರಂಥದ ಸಚಿತ್ರ ಗ್ರೀಕ್ ಪ್ರತಿಯನ್ನು ಕುರ್ತುಬಾದ ಖಲೀಫ ಮೂರನೇ ಅಬ್ದುರ್‍ರಹ್ಮಾನರಿಗೆ ಕಾಣಿಕೆಯಾಗಿ ಕಳುಹಿಸಿದನು. ಅದನ್ನು ಓದಬಲ್ಲವರು ಊರಿನಲ್ಲಿರಲಿಲ್ಲ. ಕೋರಿಕೆಯ ಮೇರೆಗೆ 951ರಲ್ಲಿ ನಿಕೋಲಸ್ ಎಂಬ ಕ್ರೈಸ್ತ ಸನ್ಯಾಸಿ ಬಂದನು. ಯಹೂದಿ ವೈದ್ಯ ಹಸ್ದಾಯ್ ಬಿನ್ ಶಪ್ರೂತ್ ಮತ್ತು ಮುಸ್ಲಿಮ್ ವೈದ್ಯರು ಅವನೊಡನೆ ಕುಳಿತು ಒಂದೊಂದೇ ಮೂಲಿಕೆಯನ್ನು ಗುರುತಿಸಿದರು. ಇವರೆಲ್ಲ ಆಗಲೇ ಹೆಸರಾಂತ ವೈದ್ಯರು, ಆದರೂ ಮತ್ತೆ ವಿದ್ಯಾರ್ಥಿಗಳಾದರು. ಅನಂತರ ಇಬ್ನ್ ಜುಲ್ಜುಲ್ ಎಂಬ ವೈದ್ಯರು ಆ ಗ್ರಂಥದಲ್ಲಿಲ್ಲದ ಔಷಧಗಳಿಗಾಗಿಯೇ ಪೂರಕ ಕೃತಿಯೊಂದನ್ನು ಬರೆದರು.

ಇದು ಹಳೆಯ ಕಾಲದ ಮಾತಷ್ಟೇ ಅಲ್ಲ. ನೋವು ಮತ್ತು ಜ್ವರಕ್ಕೆ ಕೊಡುವ ನಿಮೆಸುಲೈಡ್ ಎಂಬ ಔಷಧವನ್ನು, ಯಕೃತ್ತಿಗೆ ಹಾನಿಯಾಗುವ ಆತಂಕದಿಂದ, 12 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಭಾರತ ಸರಕಾರ 2011ರಲ್ಲಿ ನಿಷೇಧಿಸಿತು. ಅದಕ್ಕೂ ಎಷ್ಟೋ ಮೊದಲೇ ಪದವಿ ಪಡೆದ ವೈದ್ಯರ ಪಠ್ಯದಲ್ಲಿ ಈ ನಿಷೇಧ ಇರಲು ಸಾಧ್ಯವಿಲ್ಲ. ನಿಷೇಧ ಬಂದು ಕೆಲವು ವರ್ಷಗಳಾದ ಮೇಲೆ, ನಮ್ಮಲ್ಲಿ ಓದುತ್ತಿದ್ದ ಏಳು ವರ್ಷದ ಬಾಲಕನೊಬ್ಬನಿಗೆ ಜ್ವರ ಬಂದಾಗ ಹಿರಿಯ ವೈದ್ಯರೊಬ್ಬರು ಅದೇ ಮಾತ್ರೆಯನ್ನು ಅರ್ಧ ಮಾಡಿ ಕೊಡಲು ಚೀಟಿ ಬರೆದರು. ಔಷಧದಂಗಡಿಯ ಯುವಕ ಚೀಟಿ ನೋಡಿ ಮಗುವಿನ ವಯಸ್ಸು ಕೇಳಿದ, ಮಾತ್ರೆ ಕೊಡದೆ ವೈದ್ಯರಿಗೆ ಫೋನ್ ಮಾಡಿದ. ಅವರು ಸಿಟ್ಟಾಗಲಿಲ್ಲ. ಕ್ಷಣ ಮೌನವಾಗಿದ್ದು ಪ್ಯಾರಸಿಟಮಾಲ್ ಕೊಡುವಂತೆ ಹೇಳಿದರು. ಆ ಮೌನಕ್ಕೆ ನಾವು ಇಂದಿಗೂ ಕೃತಜ್ಞರು.

ವೈದ್ಯರು ಪ್ರತಿ ಐದು ವರ್ಷಗಳಿಗೆ ಕನಿಷ್ಠ 30 ಗಂಟೆ ನಿರಂತರ ವೈದ್ಯಕೀಯ ಶಿಕ್ಷಣದಲ್ಲಿ ಭಾಗವಹಿಸಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ ಹೇಳಿತು. ವರ್ಷಕ್ಕೆ ಆರೇ ಗಂಟೆ! ಅದನ್ನು ಹಾಜರಿ ಪುಸ್ತಕದ ಸಹಿಗಾಗಿ ಕಳೆದರೆ ಬಾಗ್ದಾದಿನ ಆ ಮಗನಂತೆ ಉಳಿಯಬೇಕಾಗುತ್ತದೆ. ಕುರ್ತುಬಾದ ವೈದ್ಯರಂತೆ, ಗೊತ್ತಿಲ್ಲವೆಂಬ ಅರಿವಿನೊಂದಿಗೆ ಕುಳಿತರೆ ಆರು ಗಂಟೆಯೂ ಒಂದು ಮಗುವಿನ ಯಕೃತ್ತನ್ನು ಕಾಪಾಡೀತು. ನಮ್ಮ ಸಮುದಾಯದಿಂದ ಇಂದು ಅನೇಕ ಮಕ್ಕಳು ವೈದ್ಯರೂ ದಾದಿಯರೂ ಫಾರ್ಮಸಿಸ್ಟರೂ ಆಗುತ್ತಿದ್ದಾರೆ. ಅವರು ಪದವಿ ಪಡೆದ ದಿನ ಸಿಹಿ ಹಂಚುವ ನಾವು, ಹತ್ತು ವರ್ಷಗಳ ಬಳಿಕ ಭೇಟಿಯಾದಾಗ ಈಗ ಏನು ಓದುತ್ತಿದ್ದೀರಿ ಎಂದು ಕೇಳುವುದನ್ನೂ ರೂಢಿಸಿಕೊಳ್ಳೋಣ. ನಮ್ಮ ಅರಿವನ್ನು ಹೆಚ್ಚಿಸಲೆಂದು ಅಲ್ಲಾಹನಲ್ಲಿ ಬೇಡುವ ನಮಗೆ ಆ ಪ್ರಶ್ನೆ ಹೊಸದೇನಲ್ಲ.