ಮುತ್ಯಾನ ಹರ್ಕ್ಯುಲಿಸ್, ನನ್ನ ಟೈಟೇನಿಯಂ ಆಸೆ

ಭಾಗ 1/8: ಎರಡು ಫೋಟೋ

ದೋಸ್ತ್ರ, ಮೊದಲನೇ ಫೋಟೋ ನೋಡ್ರಿ. ನನ್ನ ಮೊಬೈಲಿನ ಸ್ಕ್ರೀನ್‌ಶಾಟ್ ಅದು. ಬಣ್ಣ ಹಚ್ಚದೆ, ಬೂದಿ ಬಣ್ಣದಾಗ ಮಿಂಚೋ ಟೈಟೇನಿಯಂ ಗ್ರ್ಯಾವೆಲ್ ಬೈಕ್. ಬೈಕ್ ಅಂದ್ರ ಮೋಟರ್ ಇಲ್ಲ, ತುಳಿಯೋ ಸೈಕಲ್ಲೇ. ಈಗ ಸ್ವೈಪ್ ಮಾಡ್ರಿ. ಎರಡನೇದು ಮೂಡಲಗಿ ಕಡೆ ನಮ್ಮ ತೋಟದ ಪತ್ರಾಸ್ ಶೆಡ್ಡಿನ್ಯಾಗ ನಿಂತಿರೋ ನಮ್ಮ ಮುತ್ಯಾನ ಹರ್ಕ್ಯುಲಿಸ್. ಸೀಟಿನ ಮ್ಯಾಲ ಕೋಳಿ ಕೂತೈತಿ, ಅದಕ್ಕ ಏನೂ ಅನಬ್ಯಾಡ್ರಿ.

ಮೊದಲನೇದರ ಫ್ರೇಮ್ ಒಂದಕ್ಕೇ ಲಕ್ಷ ದಾಟತೈತಿ. ಚಕ್ರ, ಗೇರ್, ಡಿಸ್ಕ್ ಬ್ರೇಕ್ ಎಲ್ಲಾ ಕೂಡಿಸಿದ್ರ ಮನಿಯ ಎರಡು ಎಮ್ಮಿ ಮಾರಿದ್ರೂ ಸಾಲೂದಿಲ್ಲ. ಡಿಗ್ರಿ ಮುಗಿದ ಮ್ಯಾಲ ಎರಡು ವರ್ಷ ದುಡಿದು ಕೂಡಿಸಿದ ರೊಕ್ಕ ಖಾತೇದಾಗ ಐತಿ. ಒಂದು ಬಟನ್ ಒತ್ತಿದ್ರ ಮುಗೀತು. ಒಂದು ತಿಂಗಳಾತು, ಒತ್ತಿಲ್ಲ.

ಅಪ್ಪ ಒಂದೇ ಮಾತು ಕೇಳಿದ: "ನಮ್ಮ ಮನ್ಯಾಗ ಸೈಕಲ್ಲಿಗೆ ಇಷ್ಟು ರೊಕ್ಕ ಯಾರರ ಕೊಟ್ಟಾರೇನು?" ಉತ್ತರ ಹುಡುಕಲಿಕ್ಕೆ ಹೋದವ ಇತಿಹಾಸದಾಗ ಬಿದ್ದೆ. ಕೊಟ್ಟಾರ. ಮುತ್ಯಾ ಕೊಟ್ಟಾನ. ಈ ಸರಣಿ ಅದರ ಕತಿ.

ಭಾಗ 2/8: 1885ನೇ ಇಸವಿ

ಇಂಗ್ಲೆಂಡಿನ ಕೊವೆಂಟ್ರಿ ಊರಿನಲ್ಲಿ 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಎಂಬಾತ 'ರೋವರ್' ಎಂಬ ಸೈಕಲ್ ತಯಾರಿಸಿದ. ಅದಕ್ಕೂ ಮುಂಚೆ ಸೈಕಲ್ ಅಂದ್ರ ಮುಂದೊಂದು ಆಳೆತ್ತರದ ಚಕ್ರ, ಹಿಂದೊಂದು ಪುಟ್ಟ ಚಕ್ರ. ಬಿದ್ದರೆ ನೇರವಾಗಿ ತಲೆ ಮೇಲೆ. ರೋವರಿನಲ್ಲಿ ಎರಡೂ ಚಕ್ರ ಹೆಚ್ಚುಕಡಿಮೆ ಸಮ, ಹಿಂದಿನ ಚಕ್ರಕ್ಕೆ ಚೈನು. ಇವತ್ತು ನೀವು ತುಳಿಯೋ ಸೈಕಲ್‌ಗಳೆಲ್ಲಾ ಅದರ ಮರಿಮೊಮ್ಮಕ್ಕಳೇ. ಮೂರು ವರ್ಷದ ನಂತರ, 1888ರಲ್ಲಿ, ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ.

ಅದೇ 1885ರಲ್ಲಿ ನಮ್ಮ ಗೋಕಾಕ ಫಾಲ್ಸ್‌ನ್ಯಾಗ ಹತ್ತಿ ಮಿಲ್ಲು ಸ್ಥಾಪನೆಯಾಯಿತು. ಘಟಪ್ರಭೆ 52 ಮೀಟರ್ ಕೆಳಗೆ ಧುಮುಕುವ ಬಲವನ್ನೇ ಯಂತ್ರ ತಿರುಗಿಸಲು ಹಚ್ಚಿದರು. ಯಂತ್ರದ ವಿದ್ಯೆ ಬಂದದ್ದು ಬ್ರಿಟನ್ನಿನಿಂದ. ತಿರುಗಿಸಿದ್ದು ನಮ್ಮ ಹೊಳಿ. ದಿನಾ ಅದನ್ನು ನಡೆಸಿ, ಕೆಟ್ಟರೆ ಬಿಚ್ಚಿ ಜೋಡಿಸಿದ್ದು ಸುತ್ತಲಿನ ಹಳ್ಳಿ ಮಂದಿ. ಈ ಮೂರನೇ ಮಾತು ನೆನಪಿಟ್ಕೊಳ್ರಿ, ಮುಂದ ಬೇಕಾಗತೈತಿ.

ಭಾಗ 3/8: ಬಾರದೆ ಉಳಿದ ಬುಗುಡಿ

ಸ್ವಾತಂತ್ರ್ಯಕ್ಕಿಂತ ಮೊದಲು ಒಳ್ಳೆ ಸೈಕಲ್ ಅಂದ್ರ ಹಡಗಿನಿಂದ ಇಳಿದದ್ದು: ರ‍್ಯಾಲಿ, ಹರ್ಕ್ಯುಲಿಸ್, ಬಿಎಸ್‌ಎ. ಬಿಎಸ್‌ಎ ಅಂದ್ರ ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್, ಖರೇ ಹೇಳಬೇಕಂದ್ರ ಬಂದೂಕು ಮಾಡೋ ಕಂಪನಿ! ಆಮೇಲೆ ನಮ್ಮ ದೇಶದಲ್ಲೇ ಕಾರ್ಖಾನೆಗಳು ಎದ್ದವು. 1949ರಲ್ಲಿ ಮದ್ರಾಸಿನಲ್ಲಿ ಟಿಐ ಸೈಕಲ್ಸ್, 1951ರಲ್ಲಿ ಸೋನೀಪತ್‌ನಲ್ಲಿ ಅಟ್ಲಾಸ್, 1956ರಲ್ಲಿ ಲೂಧಿಯಾನದಲ್ಲಿ ಹೀರೋ. ಆ 1956ರಲ್ಲೇ ನಮ್ಮ ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು.

ಮುತ್ಯಾ ಮಿಲ್ಲಿನ್ಯಾಗ ಪಾಳಿ ಕೆಲಸಕ್ಕಿದ್ದ. ವಾರವೆಲ್ಲಾ ಫಾಲ್ಸ್ ಕಡೆ ಇರೋದು, ಸೂಟಿ ದಿನ ತೋಟಕ್ಕ ಬರೋದು. ಬಸ್ಸು ತಪ್ಪಿದ್ರ ನಡಿಗಿ. ಅದಕ್ಕ ಸೈಕಲ್ ತಗೊಂಡ, ಕಂತಿನ ಮ್ಯಾಲ. ಹಲವು ತಿಂಗಳ ಪಗಾರ ಅದಕ್ಕೇ ಹೋತಂತ. ಆ ವರ್ಷ ಆಯಿಗೆ ಬರಬೇಕಾಗಿದ್ದ ಬುಗುಡಿ ಬರಲಿಲ್ಲ. ಆಯಿ ಇವತ್ತಿಗೂ ಕಿವಿ ಮುಟ್ಟಿಕೊಂಡು ಹೇಳ್ತಾಳ: "ನನ್ನ ಬುಗುಡಿ ಶೆಡ್ಡಿನ್ಯಾಗ ನಿಂತೈತಿ ನೋಡು."

ಸೈಕಲ್ ಶ್ರೀಮಂತರ ಶೋಕಿ ಅಂತ ಇವತ್ತು ಅನ್ನಿಸಬಹುದು. ಆಗ ಅದು ಮನೆಯ ದೊಡ್ಡ ಖರೀದಿಗಳಲ್ಲಿ ಒಂದು. ಎಷ್ಟೋ ಊರುಗಳಲ್ಲಿ ಪುರಸಭೆಗೆ ಸೈಕಲ್ ತೆರಿಗೆ ಕಟ್ಟಿ ಬಿಲ್ಲೆ ಹಾಕಿಸಬೇಕಿತ್ತು. ರಾತ್ರಿ ದೀಪ ಇಲ್ಲದೆ ಹೊರಟರೆ ಪೊಲೀಸರು ಹಿಡಿಯುತ್ತಿದ್ದರು.

ಭಾಗ 4/8: ಟೈರ್ ಹೇಳೋ ಮಾತು

ಈ ಫೋಟೋ ಝೂಮ್ ಮಾಡ್ರಿ. ಹರ್ಕ್ಯುಲಿಸ್ ಟೈರಿನ ಅಂಚಿನ ಮೇಲೆ 28 × 1½ ಅಂತ ಅಚ್ಚು ಒತ್ತೈತಿ. ಬಾಜೂಕ 40-635. ಮೊದಲ ಅಂಕಿ ಟೈರಿನ ಅಗಲ, 40 ಮಿಲಿಮೀಟರ್. ಈಗ ಸ್ಕ್ರೀನ್‌ಶಾಟಿನ ಗ್ರ್ಯಾವೆಲ್ ಬೈಕಿನ ವಿವರ ಓದ್ರಿ: 700 × 40. ಅಲ್ಲೂ ಅದೇ 40!

ಇದು ಕಾಕತಾಳೀಯ ಅಲ್ಲ. ಆ ಕರಿ ಸೈಕಲ್ಲು ಡಾಂಬರು ಇಲ್ಲದ ರಸ್ತೆಗಂತಲೇ ಬೆಳೆದು ಬಂದದ್ದು. ಅಗಲ ಟೈರು, ಉದ್ದ ಮೈ, ಮುಂದಕ್ಕೆ ಬಾಗಿದ ಫೋರ್ಕು. ಗುಂಡಿ ಬಂದರೆ ಜಿಗಿಯದೆ ತೇಲಿಕೊಂಡು ಹೋಗುವ ಹಾಗೆ. ಭಾರ 20 ಕಿಲೋ ಹತ್ತಿರ, ಬ್ರೇಕಿಗೆ ಕಬ್ಬಿಣದ ಸರಳು. ಹಾಲಿನ ಕ್ಯಾನು, ಮೇವಿನ ಹೊರೆ, ಹಿಂದೆ ಹೆಂಡತಿ, ಬಾರಿನ ಮೇಲೆ ಮಗು: ಎಲ್ಲಾ ಹೊತ್ತಿದೆ.

ಇನ್ನು 'ಗ್ರ್ಯಾವೆಲ್' ಅನ್ನೋ ಹೆಸರು. 1903ರ ಮೊದಲ ಟೂರ್ ಡಿ ಫ್ರಾನ್ಸ್ ಓಡಿದ್ದು ಹೆಚ್ಚಾಗಿ ಮಣ್ಣು, ಖಡಿ ರಸ್ತೆಗಳಲ್ಲೇ. ಆಮೇಲೆ ಡಾಂಬರು ಬಂತು, ಟೈರು ಸಣ್ಣದಾಯಿತು, ರೇಸ್ ಸೈಕಲ್ಲು ಕಚ್ಚಾ ರಸ್ತೆ ಮರೆಯಿತು. 2006ರಲ್ಲಿ ಅಮೆರಿಕದ ಕ್ಯಾನ್ಸಸ್‌ನ ಎಂಪೋರಿಯಾ ಊರಿನ ಸುತ್ತ, ಹೊಲಗಳ ನಡುವಿನ ಕಲ್ಲು ರಸ್ತೆಗಳಲ್ಲಿ 200 ಮೈಲಿಯ ಒಂದು ರೇಸ್ ಶುರುವಾಯಿತು. ಈಗ ಅದರ ಹೆಸರು ಅನ್‌ಬೌಂಡ್ ಗ್ರ್ಯಾವೆಲ್. ಅಂಥ ರಸ್ತೆಗಾಗಿಯೇ ಹೊಸ ಸೈಕಲ್ ಮಾಡಿ ಮಾರಲು ಶುರು ಮಾಡಿದರು. 2022ರಲ್ಲಿ ಇಟಲಿಯಲ್ಲಿ ಗ್ರ್ಯಾವೆಲ್‌ಗೆ ಮೊದಲ ವಿಶ್ವ ಚಾಂಪಿಯನ್‌ಶಿಪ್ಪೂ ನಡೆಯಿತು.

ಅಂದ್ರ ನಮ್ಮ ಮುತ್ಯಾ ಸಂತಿಗೆ ಹೋಗಿ ಬಂದದ್ದೆಲ್ಲಾ ಗ್ರ್ಯಾವೆಲ್ ರೈಡೇ. ಫೋಟೋ ಹಾಕಲಿಲ್ಲ, ಅಷ್ಟೇ.

ಭಾಗ 5/8: ಗ್ಯಾಸ್ ಬತ್ತಿಯಿಂದ ಟೈಟೇನಿಯಂ ತನಕ

ಈಗ ಲೋಹಕ್ಕ ಬರೋಣ. 1791ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ವಿಲಿಯಂ ಗ್ರೆಗರ್ ಎಂಬ ಪಾದ್ರಿ ಕರಿ ಉಸುಕಿನಲ್ಲಿ ಇದನ್ನು ಕಂಡುಹಿಡಿದ. ಜರ್ಮನಿಯ ಕ್ಲಾಪ್ರೋಥ್ ಗ್ರೀಕ್ ಪುರಾಣದ ಟೈಟನ್‌ಗಳ ಹೆಸರಿಟ್ಟ. ಆದರೆ ಅದಿರಿನಿಂದ ಶುದ್ಧ ಲೋಹ ಬಿಡಿಸಲು 1910ರ ತನಕ ಕಾಯಬೇಕಾಯಿತು. ದೊಡ್ಡ ಪ್ರಮಾಣದಲ್ಲಿ ಮಾಡುವ ದಾರಿ ತೋರಿಸಿದವ ವಿಲಿಯಂ ಕ್ರೋಲ್. ಆ ವಿಧಾನದಲ್ಲಿ ಟೈಟೇನಿಯಂ ಟೆಟ್ರಾಕ್ಲೋರೈಡನ್ನು ಮುಚ್ಚಿದ ಪಾತ್ರೆಯಲ್ಲಿ, ಗಾಳಿ ಸೋಕದಂತೆ, ಮೆಗ್ನೀಸಿಯಂ ಜೊತೆ ಕಾಸಬೇಕು. ಕಬ್ಬಿಣದಂತೆ ಒಂದೇ ಸಮನೆ ಹರಿಯುವ ಕೆಲಸವಲ್ಲ. ಒಂದು ಪಾತ್ರೆ ಮುಗಿಸಿ, ತಣಿಸಿ, ಮತ್ತೆ ಇನ್ನೊಂದು. ತುಟ್ಟಿ ಯಾಕೆ ಅನ್ನೋದಕ್ಕೆ ಮೊದಲ ಉತ್ತರ ಇದೇ.

ಅದಿರು ನಮ್ಮಲ್ಲೇ ಐತಿ ಅಂದ್ರ ನಂಬ್ತೀರಿ? 1909ರಲ್ಲಿ ಷೋಮ್‌ಬರ್ಗ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ ತಿರುವಾಂಕೂರಿನಿಂದ ಬಂದ ತೆಂಗಿನ ನಾರಿಗೆ ಅಂಟಿದ್ದ ಉಸುಕಿನಲ್ಲಿ ಮೊನಾಜೈಟ್ ಕಂಡ. ಆಗ ಅದು ಗ್ಯಾಸ್ ಬತ್ತಿಯ ಜಾಳಿಗೆಗೆ ಬೇಕಾಗಿತ್ತು. ಅದೇ ಉಸುಕಿನಲ್ಲಿ ಟೈಟೇನಿಯಂ ಅದಿರಾದ ಇಲ್ಮೆನೈಟ್ ಕೂಡ ಇತ್ತು. ಅದೇ ಕೇರಳ ಕರಾವಳಿಯ ಚವರದಲ್ಲಿ 2011ರಲ್ಲಿ ಟೈಟೇನಿಯಂ ಸ್ಪಂಜ್ ಕಾರ್ಖಾನೆ ಶುರುವಾಯಿತು. ಆ ಲೋಹ ಬೇಕಾಗಿರೋದು ಮುಖ್ಯವಾಗಿ ರಾಕೆಟ್ಟು, ವಿಮಾನಕ್ಕೆ.

ಸೈಕಲ್ಲಿಗೆ ಬಂದದ್ದು 1970ರ ದಶಕದಲ್ಲಿ. 1986ರಲ್ಲಿ ಅಮೆರಿಕದಲ್ಲಿ ಮರ್ಲಿನ್ ಎಂಬ ಕಂಪನಿ ಹುಟ್ಟಿದ ಮೇಲೆ ಗಟ್ಟಿಯಾಗಿ ಬೇರೂರಿತು. ಒಳ್ಳೆ ಫ್ರೇಮಿಗೆ ಬಳಸುವ ಟೈಟೇನಿಯಂ ಕೊಳವೆ ಮೊದಲು ವಿಮಾನದ ಹೈಡ್ರಾಲಿಕ್ ಪೈಪಿಗಂತ ಬಂದದ್ದು.

ಗುಣ ಏನು? ತೂಕ ಉಕ್ಕಿನ ಅರ್ಧಕ್ಕಿಂತ ಚೂರು ಹೆಚ್ಚು. ತುಕ್ಕು ಹಿಡಿಯೂದಿಲ್ಲ. ಸ್ವಲ್ಪ ಬಳುಕತೈತಿ, ಅದಕ್ಕ ಖಡಿ ರಸ್ತ್ಯಾಗ ಮೈಗೆ ಆರಾಮ ಅಂತಾರ. ಆದ್ರ ಆರಾಮದ ದೊಡ್ಡ ಪಾಲು ಬರೋದು ಅಗಲ ಟೈರಿನಿಂದ, ಅದರಾಗ ಗಾಳಿ ಕಡಿಮೆ ಇಟ್ಟರೆ. ಇದನ್ನ ಅಂಗಡಿಯವರು ಕೊನೆಗೆ ಹೇಳ್ತಾರ.

ಭಾಗ 6/8: ಮೂರು ತಾಲೂಕಿನ ಪರೀಕ್ಷೆ

ಸೈಕಲ್ ಆರಿಸೋದು ನಾವಲ್ಲ, ರಸ್ತೆ. ನಾನು ತುಳಿಯೋ ರಸ್ತೆ ಮೂರು ನಮೂನಿ.

ಗೋಕಾಕ: ಊರಿಂದ ಫಾಲ್ಸ್ ಕಡೆ ಕಲ್ಲುಗುಡ್ಡದ ಏರು. ಏರಿನ್ಯಾಗ ಹಗುರ ಸೈಕಲ್ ಬೇಕು ಅನ್ನಿಸೋದು ಖರೇ. ಆದ್ರ ಉಕ್ಕಿಗೂ ಟೈಟೇನಿಯಂಗೂ ಫ್ರೇಮಿನಲ್ಲಿ ಸಿಗೋ ವ್ಯತ್ಯಾಸ ಒಂದು ಕಿಲೋ ಆಸುಪಾಸು. ನಾನು ರಾತ್ರಿ ಊಟದಾಗ ಎರಡು ರೊಟ್ಟಿ ಬಿಟ್ಟರ ಅಷ್ಟು ಇಳೀತೇನಿ.

ಮೂಡಲಗಿ: ಧೂಪದಾಳ ಒಡ್ಡಿನಿಂದ ಹೊರಟ ಘಟಪ್ರಭಾ ಎಡದಂಡೆ ಕಾಲುವೆ ನಮ್ಮ ಸೀಮೆಗೆ ಕಬ್ಬು ತಂತು. ಕೆನಾಲ್ ದಂಡಿಗೆ ಗರಸಿನ ರಸ್ತೆ, ಎರಡೂ ಕಡೆ ಕಬ್ಬು. ಕ್ಯಾನ್ಸಸ್ ಮಂದಿ ಕಂಡ್ರ ಹೊಟ್ಟಿ ಉರಕೊಂಡಾರು! ಆದ್ರ ಮಳಿ ಬಿದ್ದು ಎರೆ ಮಣ್ಣು ಹಸಿಯಾತು ಅಂದ್ರ ಲೋಹ ಯಾವುದಾದ್ರೂ ಒಂದೇ. ಚಕ್ರಕ್ಕೂ ಫ್ರೇಮಿಗೂ ನಡುವೆ ಬೆಣ್ಣಿ ತುಂಬಿದಂಗ ತುಂಬಿ ಚಕ್ರ ನಿಂತುಬಿಡತೈತಿ. ಮುತ್ಯಾ ಕಡ್ಡಿಲೆ ಕೆರೀತಿದ್ದ, ಆಗದಿದ್ರ ಹೆಗಲ ಮ್ಯಾಲ ಹೊರ್ತಿದ್ದ. ಇಲ್ಲಿ ನೋಡಬೇಕಾದ್ದು ಲೋಹ ಅಲ್ಲ. ಟೈರಿನ ಸುತ್ತ ಎಷ್ಟು ಜಾಗ ಬಿಟ್ಟಾರ ಅನ್ನೋದು.

ಹುಕ್ಕೇರಿ: ಒಂದು ಕಡೆ ಹಿಡಕಲ್ ಜಲಾಶಯದ ಹಿನ್ನೀರಿನ ಕಚ್ಚಾ ದಾರಿ, ಇನ್ನೊಂದು ಕಡೆ ಸಂಕೇಶ್ವರದ ಬಾಜೂಕ ಪುಣೆ–ಬೆಂಗಳೂರು ಹೆದ್ದಾರಿ. ಒಂದೇ ಮುಂಜಾನೆ ಎರಡೂ ತುಳಿಯಬಹುದು. ಇಂಥಲ್ಲಿ ಗ್ರ್ಯಾವೆಲ್ ಬೈಕ್ ಬರೋಬ್ಬರಿ ಸೈಕಲ್. ಅದರಾಗ ಅನುಮಾನ ಇಲ್ಲ.

ಲೆಕ್ಕ ಏನಾತು? ಗ್ರ್ಯಾವೆಲ್‌ಗೆ ಮೂರರಲ್ಲಿ ಮೂರು. ಟೈಟೇನಿಯಂಗೆ ಅರ್ಧ.

ಭಾಗ 7/8: ಬೆಸುಗೆಯ ಗುರುತು

ಈ ಫೋಟೋದಾಗ ಪೆಡಲಿನ ಮ್ಯಾಲ, ಫ್ರೇಮಿನ ಕೊಳವೆ ಕೂಡೋ ಜಾಗ ನೋಡ್ರಿ. ಹಿತ್ತಾಳಿ ಬಣ್ಣದ ಗೆರಿ ಐತಲ್ಲ? ಒಮ್ಮೆ ಜ್ವಾಳದ ಚೀಲ ಹೊತ್ತು ಬರೋವಾಗ ಅಲ್ಲಿ ಬಿರುಕು ಬಿಟ್ಟಿತ್ತು. ಊರಾಗಿನ ಗ್ಯಾಸ್ ವೆಲ್ಡಿಂಗ್ ಅಂಗಡ್ಯಾಗ ಸಂಜಿಯೊಳಗ ಬೆಸೆದು ಕೊಟ್ಟರಂತ. ಆಮ್ಯಾಲ ಮೂವತ್ತು ವರ್ಷ ಓಡೇತಿ.

ಟೈಟೇನಿಯಂ ಕಾಯ್ದಾಗ ಗಾಳಿಯ ಆಮ್ಲಜನಕ, ಸಾರಜನಕ ಹೀರಿಕೊಂಡು ಪೆಡಸಾಗಿ ಬಿಡತೈತಿ. ಅದಕ್ಕ ಬೆಸುಗೆ ಹಾಕೋವಾಗ ಹೊರಗಷ್ಟೇ ಅಲ್ಲ, ಕೊಳವಿಯ ಒಳಗೂ ಆರ್ಗಾನ್ ತುಂಬಬೇಕು. ಸ್ಟೇನ್‌ಲೆಸ್ ಸ್ಟೀಲಿಗೆ ಆರ್ಗಾನ್ ವೆಲ್ಡಿಂಗ್ ಮಾಡೋರು ನಮ್ಮ ಕಡೆ ಅದಾರ. ತೆಳ್ಳನ ಟೈಟೇನಿಯಂ ಕೊಳವಿ ತಗೊಂಡು ಹೋದ್ರ "ಬ್ಯಾಡೋ ತಮ್ಮಾ" ಅಂತಾರ. ಕೇಳಿ ನೋಡೇನಿ.

ಇನ್ನೊಂದು. ಹೋದ ಮಳಿಗಾಲದಾಗ ದೋಸ್ತನ ಗೇರ್ ಸೈಕಲ್ ಇಸಗೊಂಡು ಕೆನಾಲ್ ದಂಡಿಗೆ ಹೋಗಿದ್ದೆ. ಹಿಂದಿನ ಗೇರ್ ಜೋತುಬಿಡೋ ಸಣ್ಣ ಕೊಂಡಿ ಮುರೀತು. ಬೆರಳಿನಷ್ಟಿಲ್ಲ ಅದು. ಅದು ಕುರಿಯರ್‌ನ್ಯಾಗ ಬರೂತನಾ ಹನ್ನೊಂದು ದಿನ ಸೈಕಲ್ ನಿಂತಿತ್ತು. ಸಾವಿರ ವರ್ಷ ಬಾಳೋ ಫ್ರೇಮ್ ಇದ್ರೂ ಕತಿ ಇಷ್ಟೇ ಆಗ್ತಿತ್ತು.

ಮಿಲ್ಲಿನ ಮಾತು ನೆನಪಾತೇನು? ಹೊರಗಿಂದ ಬಂದ ಯಂತ್ರ ನಮ್ಮದಾಗಿದ್ದು, ಅದನ್ನ ಬಿಚ್ಚಿ ಜೋಡಿಸೋ ಕೈಗಳು ಇಲ್ಲಿ ತಯಾರಾದ ಮ್ಯಾಲ. ಮುತ್ಯಾನ ಸೈಕಲ್ ಅರ್ಧ ಶತಮಾನ ಬಾಳಿದ್ದು ಉಕ್ಕಿನಿಂದಷ್ಟೇ ಅಲ್ಲ. ಪಂಚರ್ ತೆಗೆಯೋರು, ಚಕ್ರದ ಔಟ್ ತೆಗೆಯೋರು, ಬೆಸೆಯೋರು ಊರೂರಿಗೆ ಇದ್ದರು. ಸಂತೆಯಲ್ಲೇ ಬಿಡಿಭಾಗ ಸಿಗುತ್ತಿತ್ತು. ವಸ್ತು ಬಾಳೋದು ಸುತ್ತಲಿನ ಮಂದಿಯಿಂದ.

ಭಾಗ 8/8: ಆಯಿ ತೀರ್ಪು

ಒಂದು ಮಾತು ಸ್ಪಷ್ಟ. ನೀವು ವಾರವಾರ 200 ಕಿಲೋಮೀಟರ್ ತುಳಿಯೋರು, ಬೆಂಗಳೂರು–ಪುಣೆಯಂಥ ಊರಾಗ ಇರೋರು, ಒಂದೇ ಫ್ರೇಮ್ ಇಪ್ಪತ್ತು ವರ್ಷ ಇಟ್ಕೊಳ್ಳೋರು ಆದ್ರ ಟೈಟೇನಿಯಂ ತಗೋರಿ, ತಪ್ಪಿಲ್ಲ. ಅದು ಮೋಸದ ಲೋಹ ಅಲ್ಲ. ನನ್ನ ರಸ್ತೆಗೆ, ನನ್ನ ಊರಿಗೆ, ನನ್ನ ರೊಕ್ಕಕ್ಕೆ ಈಗ ಅದು ಹೊಂದೂದಿಲ್ಲ.

ಇನ್ನೊಂದು ಲೆಕ್ಕ ಐತಿ. 2006-07ರಲ್ಲಿ ನಮ್ಮ ರಾಜ್ಯದಾಗ ಎಂಟನೇತ್ತೆ ಮಕ್ಕಳಿಗೆ ಉಚಿತ ಸೈಕಲ್ ಕೊಡೋ ಯೋಜನೆ ಶುರುವಾಗಿತ್ತು. ನಮ್ಮಕ್ಕ ಅದೇ ಸೈಕಲ್ ಮ್ಯಾಲ ಹೈಸ್ಕೂಲ್ ಮುಗಿಸಿದಳು. ಕೋವಿಡ್ ಕಾಲದಾಗ ಅದು ನಿಂತಿತು. ಕಾಕಾನ ಮಗಳು ಈಗ ಎಂಟನೇತ್ತೆ, ತೋಟದಿಂದ ಸಾಲಿಗೆ ದಿನಾ ನಡಕೊಂಡು ಹೋಗ್ತಾಳ.

ಅದಕ್ಕ ನಿರ್ಧಾರ ಹಿಂಗ. ಉಕ್ಕಿನ ಫ್ರೇಮಿನ ಗ್ರ್ಯಾವೆಲ್ ಬೈಕ್, ಕ್ರೋಮೋಲಿ ಅಂತಾರ ಅದಕ್ಕ. ಟೈರು ಅದೇ 40. ಎರಡು ಗೇರ್ ಕೊಂಡಿ ಮೊದಲೇ ತರಿಸಿ ಚೀಲದಾಗ ಇಡೋದು. ತಂಗಿಗೊಂದು ಸೈಕಲ್, ಆಕಿ ಆರಿಸಿದ ಬಣ್ಣದ್ದು. ಉಳಿದದ್ದು ಖಾತೇದಾಗ.

ಆಯಿ ಮುಂದ ಇದನ್ನೆಲ್ಲಾ ಹೇಳಿದೆ. ಟೈಟೇನಿಯಂ ಅಂದ್ರ ಏನಂತ ಕೇಳಲಿಲ್ಲ. "ನಿಮ್ಮ ಮುತ್ಯಾ ಯಾರನ್ನೂ ಕೇಳದ ತಂದ. ನೀ ಕೇಳಾಕತ್ತಿ, ಅಷ್ಟರ ಶಾಣ್ಯಾ ಆಗೀದಿ" ಅಂದಳು. ಆಮ್ಯಾಲ ಸ್ವಲ್ಪ ಹೊತ್ತು ಬಿಟ್ಟು, "ಆದ್ರ ಆ ಸೈಕಲ್ ಇರಲಿಲ್ಲಂದ್ರ ನಿಮ್ಮಪ್ಪ ಹುಟ್ಟಿದ ರಾತ್ರಿ ದಾಯಿ ಬರ್ತಿರಲಿಲ್ಲ" ಅಂದಳು. ಬುಗುಡಿ ಮಾತು ಅವತ್ತು ಆಡಲಿಲ್ಲ.

ಈಗ ನಿಮ್ಮ ಪಾಳಿ. ಇವತ್ತ ಮನ್ಯಾಗ ಹಿರಿಯರನ್ನ ಕೇಳ್ರಿ: ನಮ್ಮ ಮನಿಗೆ ಮೊದಲ ಸೈಕಲ್ ಯಾವಾಗ ಬಂತು, ಯಾರು ತಂದರು, ಆ ವರ್ಷ ಮನ್ಯಾಗ ಏನು ತಗೊಳ್ಳಲಿಲ್ಲ? ಮೂರನೇ ಪ್ರಶ್ನೆ ಬಿಡಬ್ಯಾಡ್ರಿ. ಇತಿಹಾಸ ಅದರಾಗೇ ಇರತೈತಿ.

#ಗೋಕಾಕ #ಮೂಡಲಗಿ #ಹುಕ್ಕೇರಿ #ಮುತ್ಯಾನಸೈಕಲ್ #ನಮ್ಮೂರಇತಿಹಾಸ