ಹಸಿರು ಹೈಡ್ರೋಜನ್: ಎಲ್ಲಿ ಬೇಕು, ಎಲ್ಲಿ ಬೇಡ

ಹೈಡ್ರೋಜನ್ ಬಣ್ಣವಿಲ್ಲದ ಅನಿಲ. ‘ಹಸಿರು’ ಎಂಬ ವಿಶೇಷಣ ಅದರ ಹುಟ್ಟಿನ ಬಗೆಯನ್ನಷ್ಟೇ ಸೂಚಿಸುತ್ತದೆ. ಇಂದು ಜಗತ್ತು ಬಳಸುವ ಹೈಡ್ರೋಜನ್‌ನ ಬಹುಪಾಲು ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲಿನಿಂದ ತಯಾರಾಗುತ್ತದೆ. ನೈಸರ್ಗಿಕ ಅನಿಲದಿಂದ ಒಂದು ಕಿಲೋ ಹೈಡ್ರೋಜನ್ ಪಡೆಯುವಾಗ ಸುಮಾರು 9ರಿಂದ 10 ಕಿಲೋ ಇಂಗಾಲದ ಡೈಆಕ್ಸೈಡ್ ವಾತಾವರಣವನ್ನು ಸೇರುತ್ತದೆ. ಇದು ‘ಬೂದು’ ಹೈಡ್ರೋಜನ್. ಸೌರ ಅಥವಾ ಪವನ ವಿದ್ಯುತ್ತಿನಿಂದ ನೀರನ್ನು ವಿಭಜಿಸಿ ಪಡೆದದ್ದು ‘ಹಸಿರು’.

ಈ ವಿಭಜನೆ ಹೊಸದಲ್ಲ. 1800ರಲ್ಲಿಯೇ ಲಂಡನ್ನಿನಲ್ಲಿ ವಿಲಿಯಂ ನಿಕಲ್ಸನ್ ಮತ್ತು ಆಂಥನಿ ಕಾರ್ಲೈಲ್ ಇದನ್ನು ಮಾಡಿ ತೋರಿಸಿದರು. ಕಾರ್ಲೈಲ್ ಶಸ್ತ್ರವೈದ್ಯರಾಗಿದ್ದರೆಂಬುದು ವೈದ್ಯನಾದ ನನಗೆ ಹೆಮ್ಮೆಯ ಸಂಗತಿ.

ಒಂದು ಕಿಲೋ ಹೈಡ್ರೋಜನ್‌ಗೆ ಕನಿಷ್ಠ 9 ಲೀಟರ್ ನೀರು ಮತ್ತು 50 ಯೂನಿಟ್‌ಗೂ ಹೆಚ್ಚು ವಿದ್ಯುತ್ ಬೇಕು. ಆದರೆ ಅದರಲ್ಲಿ ಅಡಗಿರುವ ಬಳಕೆಯೋಗ್ಯ ಶಕ್ತಿ ಸುಮಾರು 33 ಯೂನಿಟ್. ಅದನ್ನು ಒತ್ತಿ ತುಂಬಿ, ವಾಹನದ ಇಂಧನಕೋಶದಲ್ಲಿ ಮತ್ತೆ ವಿದ್ಯುತ್ತಾಗಿಸುವಾಗ ಇನ್ನಷ್ಟು ನಷ್ಟವಾಗುತ್ತದೆ. ಅದೇ ವಿದ್ಯುತ್ತನ್ನು ನೇರವಾಗಿ ಬ್ಯಾಟರಿಗೆ ತುಂಬಿದರೆ ಕಾರು ಎರಡು ಪಟ್ಟಿಗೂ ಹೆಚ್ಚು ದೂರ ಓಡುತ್ತದೆ. ರೈಲಿನಲ್ಲಿಯೂ ಇದೇ ಪ್ರಶ್ನೆ ಎದುರಾಯಿತು. ಜರ್ಮನಿಯ ಲೋವರ್ ಸ್ಯಾಕ್ಸನಿಯಲ್ಲಿ 2018ರಲ್ಲಿ ಹೈಡ್ರೋಜನ್ ರೈಲು ಪ್ರಯಾಣಿಕರ ಸೇವೆಗೆ ಬಂದಿತು. ಆದರೆ ಮುಂದಿನ ರೈಲುಗಳಿಗೆ ಆ ರಾಜ್ಯ ಬ್ಯಾಟರಿಯನ್ನೇ ಆರಿಸಿಕೊಂಡಿತು.

ಔಷಧ ಎಷ್ಟೇ ಉತ್ತಮವಾದರೂ ಯಾವ ರೋಗಕ್ಕೆ ಎಂಬುದನ್ನು ಮೊದಲು ನಿರ್ಧರಿಸಬೇಕು. ಹಸಿರು ಹೈಡ್ರೋಜನ್ ದುಬಾರಿಯೂ ವಿರಳವೂ ಆದ ಔಷಧ. ವಿದ್ಯುತ್ ನೇರವಾಗಿ ತಲುಪಲಾರದ ಕಡೆಗೇ ಅದು ಮೀಸಲಾಗಬೇಕೆಂಬುದು ನನ್ನ ಅಭಿಪ್ರಾಯ.

ಉಕ್ಕು ಅದಕ್ಕೆ ಒಳ್ಳೆಯ ನಿದರ್ಶನ. ಊದುಕುಲುಮೆಯಲ್ಲಿ ಕಲ್ಲಿದ್ದಲಿನ ಇಂಗಾಲವು ಅದಿರಿನ ಆಮ್ಲಜನಕವನ್ನು ಸೆಳೆದುಕೊಂಡು ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಆ ಕೆಲಸವನ್ನು ಹೈಡ್ರೋಜನ್ ಮಾಡಿದರೆ ಹೊರಬರುವುದು ನೀರಾವಿ. ಸ್ವೀಡನ್ನಿನ ಹೈಬ್ರಿಟ್ ಯೋಜನೆ ಈ ವಿಧಾನದಿಂದ ತಯಾರಾದ ಉಕ್ಕನ್ನು 2021ರಲ್ಲಿ ವೋಲ್ವೋ ಸಂಸ್ಥೆಗೆ ಒದಗಿಸಿತು. ರಸಗೊಬ್ಬರದ ಮೂಲವಾದ ಅಮೋನಿಯಾಕ್ಕಂತೂ ಹೈಡ್ರೋಜನ್ ಕಚ್ಚಾವಸ್ತುವೇ ಆಗಿದೆ. ಅಲ್ಲಿ ಬೂದಿನ ಬದಲು ಹಸಿರನ್ನು ಬಳಸಿದರೆ ಸಾಕು. ದೂರಸಾಗರದ ಹಡಗುಗಳಿಗೂ ಅಮೋನಿಯಾ ಅಥವಾ ಮೆಥನಾಲ್ ರೂಪದಲ್ಲಿ ಅದು ಇಂಧನವಾಗಬಲ್ಲದು.

ಭಾರತ 2023ರ ಜನವರಿಯಲ್ಲಿ 19,744 ಕೋಟಿ ರೂಪಾಯಿಗಳ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ಗೆ ಒಪ್ಪಿಗೆ ನೀಡಿತು. 2030ರ ವೇಳೆಗೆ ವರ್ಷಕ್ಕೆ 50 ಲಕ್ಷ ಟನ್ ಉತ್ಪಾದನಾ ಸಾಮರ್ಥ್ಯ ಅದರ ಗುರಿ. ನಮ್ಮ ಬಳ್ಳಾರಿ ಸೀಮೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೂ ಇಂಥ ಘಟಕ ಬಂದಿದೆ.

ಒಂದು ಎಚ್ಚರಿಕೆ ಅಗತ್ಯ. ಕಲ್ಲಿದ್ದಲಿನ ವಿದ್ಯುತ್ತಿನಿಂದ ನೀರನ್ನು ವಿಭಜಿಸಿದರೆ ಬೂದು ಹೈಡ್ರೋಜನ್‌ಗಿಂತಲೂ ಹೆಚ್ಚು ಇಂಗಾಲ ಹೊರಬೀಳುತ್ತದೆ. ಆದ್ದರಿಂದ ಹೈಡ್ರೋಜನ್ ಎಷ್ಟು ಹಸಿರು ಎಂಬುದನ್ನು ಅದನ್ನು ತಯಾರಿಸಿದ ವಿದ್ಯುತ್ತೇ ನಿರ್ಧರಿಸುತ್ತದೆ.